ಓದುಗರ ಪ್ರಶ್ನೆಗೆ ಉತ್ತರ: ಪೋಷಣೆ ಮತ್ತು ಚಯಾಪಚಯದ ವ್ಯಾಸಂಗ

ಪ್ರಶ್ನೆ: ವಿಶ್ವವಿದ್ಯಾಲಯದಲ್ಲಿ ಪೋಷಣೆ ಮತ್ತು ಚಯಾಪಚಯ ವಿಜ್ಞಾನವನ್ನು ಮುಖ್ಯ ವಿಷಯವಾಗಿ ಓದಬೇಕೆಂದಿದ್ದೇನೆ. ಯಾವ ಆಹಾರದಲ್ಲಿ ಯಾವ ಸತ್ವವಿದೆ ಎಂಬ ಪಟ್ಟಿಯನ್ನು ಬಾಯಿಪಾಠ ಮಾಡಲು ಇಷ್ಟು ವರ್ಷ ಏಕೆ ಬೇಕು ಎಂದು ಮನೆಯವರು ಕೇಳುತ್ತಾರೆ. ನನಗೆ ಜೀವಶಾಸ್ತ್ರವೆಂದರೆ ಇಷ್ಟ, ರಸಾಯನಶಾಸ್ತ್ರವೆಂದರೆ ಅಳುಕು. ಈ ಕೋರ್ಸು ನನಗೆ ಒಗ್ಗೀತೆ?

ಉತ್ತರ: ಆ ಪಟ್ಟಿಗಳು ಈ ವ್ಯಾಸಂಗದ ತೀರ ಸಣ್ಣ ಭಾಗ, ಅವನ್ನು ಬೇಕಾದಾಗ ಪುಸ್ತಕ ತೆರೆದು ನೋಡಿಕೊಂಡರಾಯಿತು. ನುಂಗಿದ ಆಹಾರ ದೇಹದೊಳಗೆ ಏನಾಗುತ್ತದೆ, ಹಾಗಾಗುತ್ತದೆಂದು ನಮಗೆ ಗೊತ್ತಾದದ್ದು ಹೇಗೆ ಎಂಬ ಎರಡು ಪ್ರಶ್ನೆಗಳೇ ಇಲ್ಲಿ ಮುಖ್ಯ, ಮತ್ತು ಎರಡನೆಯದೇ ಹೆಚ್ಚು ಕಷ್ಟದ್ದು.

ಮೊದಲನೆಯದಕ್ಕೆ ಉಪವಾಸವನ್ನೇ ಉದಾಹರಣೆಯಾಗಿ ನೋಡೋಣ. ವಯಸ್ಕರ ಮಿದುಳು ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬಳಸುತ್ತದೆ. ಯಕೃತ್ತಿನಲ್ಲಿ ಗ್ಲೈಕೋಜೆನ್ ರೂಪದಲ್ಲಿ ದಾಸ್ತಾನಿರುವುದು 100 ಗ್ರಾಂ ಆಸುಪಾಸು. ಸ್ನಾಯುಗಳಲ್ಲಿ ಅದರ ಹಲವು ಪಟ್ಟು ಗ್ಲೈಕೋಜೆನ್ ಇದ್ದರೂ, ಗ್ಲೂಕೋಸನ್ನು ರಕ್ತಕ್ಕೆ ಬಿಟ್ಟುಕೊಡಲು ಬೇಕಾದ ಕಿಣ್ವ ಅಲ್ಲಿ ಇಲ್ಲದ್ದರಿಂದ ಅದು ಸ್ನಾಯುವಿನ ಸ್ವಂತ ಖರ್ಚಿಗೆ ಮಾತ್ರ. ಮೈಯಲ್ಲಿ ಕೊಬ್ಬು ಕಿಲೋಗಟ್ಟಲೆ ಇದೆಯಲ್ಲ, ಅದರಿಂದ ಗ್ಲೂಕೋಸ್ ಮಾಡಿಕೊಳ್ಳಬಾರದೇ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಕೊಬ್ಬಿನ ಬಹುಪಾಲಾದ ಕೊಬ್ಬಿನಾಮ್ಲ ಒಡೆದಾಗ ಸಿಗುವುದು ಎರಡು ಇಂಗಾಲದ ಅಸಿಟೈಲ್ ತುಣುಕು. ಗ್ಲೂಕೋಸ್ ಒಡೆದಾಗ ಸಿಗುವ ಮೂರು ಇಂಗಾಲದ ಪೈರುವೇಟ್, ಅಸಿಟೈಲ್ ಆಗುವ ಹೆಜ್ಜೆ ನಮ್ಮ ದೇಹದಲ್ಲಿ ಹಿಂದಕ್ಕೆ ನಡೆಯುವುದಿಲ್ಲ. ಜೀವರಸಾಯನಶಾಸ್ತ್ರಜ್ಞ ಹ್ಯಾನ್ಸ್ ಕ್ರೆಬ್ಸ್ 1937ರಲ್ಲಿ ವಿವರಿಸಿದ, ಆ ತುಣುಕನ್ನು ಉರಿಸುವ ಸಿಟ್ರಿಕ್ ಆಮ್ಲ ಚಕ್ರದಲ್ಲಾದರೂ (ಕ್ರೆಬ್ಸ್ ಚಕ್ರ) ಎರಡು ಇಂಗಾಲ ಒಳಹೊಕ್ಕರೆ ಎರಡು ಇಂಗಾಲ ಡೈಆಕ್ಸೈಡಾಗಿ ಹೊರಬೀಳುವುದರಿಂದ ಗ್ಲೂಕೋಸ್ ಕಟ್ಟಲು ಏನೂ ಮಿಗುವುದಿಲ್ಲ. ಕೊಬ್ಬಿನಲ್ಲಿರುವ ಗ್ಲಿಸರಾಲ್ ಎಂಬ ಸಣ್ಣ ಭಾಗ ಮಾತ್ರ ಆ ಕೆಲಸಕ್ಕೆ ಬರುತ್ತದೆ. ಹಾಗಾಗಿ ದೇಹ ಸ್ನಾಯುವಿನ ಪ್ರೋಟೀನನ್ನೂ ಒಡೆದು, ಅದರ ಅಮೈನೋ ಆಮ್ಲಗಳಿಂದ ಗ್ಲೂಕೋಸ್ ತಯಾರಿಸಿಕೊಳ್ಳಬೇಕಾಗುತ್ತದೆ. ಉಪವಾಸ ದಿನಗಟ್ಟಲೆ ಮುಂದುವರಿದರೆ ಯಕೃತ್ತು ಕೊಬ್ಬಿನಿಂದ ಕೀಟೋನ್‌ಗಳೆಂಬ ಬದಲಿ ಇಂಧನವನ್ನು ಮಾಡಿ ಮಿದುಳಿಗೆ ಒದಗಿಸುತ್ತದೆ, ಆಗ ಸ್ನಾಯುವಿನ ಸವೆತ ತಗ್ಗುತ್ತದೆ.

ಇಷ್ಟನ್ನೂ ನೀವು ಅಳುಕದೆ ಓದಿದ್ದರೆ, ಓದಿದ್ದು ರಸಾಯನಶಾಸ್ತ್ರವನ್ನೇ ಎಂಬುದನ್ನು ಗಮನಿಸಿ. ಕ್ರಿಯಾಸರಣಿಗಳನ್ನು ಹೆಸರು ಹೆಸರಾಗಿ ಉರುಹೊಡೆಯುವವರು ಪರೀಕ್ಷೆ ಮುಗಿದ ತಿಂಗಳೊಳಗೆ ಮರೆಯುತ್ತಾರೆ. ಇಂಗಾಲ ಎಲ್ಲಿಗೆ ಹೋಯಿತು, ಎಲೆಕ್ಟ್ರಾನು ಎಲ್ಲಿಗೆ ಹೋಯಿತು, ಯಾವ ಹೆಜ್ಜೆ ಹಿಂದಕ್ಕೆ ಬಾರದು ಎಂದು ಕೇಳುತ್ತ ಓದುವವರಿಗೆ ಅದು ನೆನಪಿನಲ್ಲಿ ನಿಲ್ಲುತ್ತದೆ. ಕೋರ್ಸು ಆರಂಭವಾಗುವ ಮುನ್ನ ಮೋಲ್ ಲೆಕ್ಕ, ಉತ್ಕರ್ಷಣ ಮತ್ತು ಅಪಕರ್ಷಣ, ಆಮ್ಲ ಮತ್ತು ಪ್ರತ್ಯಾಮ್ಲ, ಸಾವಯವ ಸಂಯುಕ್ತಗಳ ಮುಖ್ಯ ಗುಂಪುಗಳು, ಇಷ್ಟನ್ನು ಗಟ್ಟಿಮಾಡಿಕೊಂಡರೆ ಮೊದಲ ವರ್ಷ ದಾಟಬಹುದು.

ಇನ್ನು ಎರಡನೆಯ ಪ್ರಶ್ನೆ, ಅಂದರೆ ಅಳತೆ. ಫ್ರಾನ್ಸಿನ ವಿಜ್ಞಾನಿಗಳಾದ ಲವಾಸಿಯೆ ಮತ್ತು ಲಾಪ್ಲಾಸ್ 1780ರ ದಶಕದಲ್ಲಿ ಗಿನಿಯಿಲಿಯೊಂದನ್ನು ಮಂಜುಗಡ್ಡೆ ಸುತ್ತಿದ ಪಾತ್ರೆಯಲ್ಲಿಟ್ಟು, ಕರಗಿದ ನೀರನ್ನು ತೂಗಿ ಅದರ ಮೈಶಾಖವನ್ನು ಅಳೆದರು. ಉಸಿರಾಟವೂ ಒಂದು ಬಗೆಯ ದಹನವೇ ಎಂದು ಅದರಿಂದ ವಾದಿಸಿದರು. ಇಂದಿನ ಪ್ರಯೋಗಾಲಯದಲ್ಲಿ ರಾತ್ರಿಯಿಡೀ ಉಪವಾಸವಿದ್ದ ವ್ಯಕ್ತಿಯನ್ನು ಮಲಗಿಸಿ, ತಲೆಯ ಮೇಲೆ ಪಾರದರ್ಶಕ ಮುಸುಕು ಕವುಚಿ, ಒಳಹೋಗುವ ಆಮ್ಲಜನಕವನ್ನೂ ಹೊರಬರುವ ಇಂಗಾಲದ ಡೈಆಕ್ಸೈಡನ್ನೂ ಯಂತ್ರದಿಂದ ಅಳೆಯುತ್ತಾರೆ. ಹೊರಬಂದದ್ದನ್ನು ಬಳಕೆಯಾದ ಆಮ್ಲಜನಕದಿಂದ ಭಾಗಿಸಿದರೆ, ದೇಹ ಶರ್ಕರಪಿಷ್ಟವನ್ನಷ್ಟೇ ಉರಿಸುತ್ತಿರುವಾಗ ಉತ್ತರ 1.0, ಕೊಬ್ಬನ್ನಷ್ಟೇ ಉರಿಸುತ್ತಿರುವಾಗ 0.7ರ ಆಸುಪಾಸು. ಮಲಗಿದವರು ಮಿಸುಕಾಡಬಾರದು, ನಿದ್ದೆಹೋಗಬಾರದು. ಸಹಪಾಠಿಗಳು ನಗಿಸಿದರೆ ಅಂಕಿ ಏರಿಬಿಡುತ್ತದೆ, ಅಂದಿನ ಬೆಳಗು ವ್ಯರ್ಥ. ಒಂದೇ ಒಂದು ನಂಬಲರ್ಹವಾದ ಸಂಖ್ಯೆ ಪಡೆಯುವುದು ಎಷ್ಟು ಪ್ರಯಾಸದ ಕೆಲಸವೆಂದು ವಿದ್ಯಾರ್ಥಿಗೆ ತಿಳಿಯುವುದು ಅಲ್ಲಿ. ಪೊಟ್ಟಣಗಳ ಮೇಲೆ ಅಚ್ಚಾಗುವ ಕ್ಯಾಲರಿ ಸಂಖ್ಯೆಯಾದರೂ ಬಹುತೇಕ ಅಮೆರಿಕದ ರಸಾಯನಶಾಸ್ತ್ರಜ್ಞ ವಿಲ್ಬರ್ ಆಟ್‌ವಾಟರ್ 19ನೆಯ ಶತಮಾನದ ಕೊನೆಗೆ ಕಂಡುಕೊಂಡ ಸರಾಸರಿಗಳ ಗುಣಾಕಾರ: ಗ್ರಾಮಿಗೆ ಶರ್ಕರಪಿಷ್ಟಕ್ಕೆ 4, ಪ್ರೋಟೀನಿಗೆ 4, ಕೊಬ್ಬಿಗೆ 9 ಕಿಲೋಕ್ಯಾಲರಿ. ಇಡಿಯಾಗಿ ತಿಂದ ಬಾದಾಮಿಯಿಂದ ದೇಹಕ್ಕೆ ದಕ್ಕುವುದು ಈ ಲೆಕ್ಕಕ್ಕಿಂತ ಕಡಿಮೆ, ಏಕೆಂದರೆ ಒಡೆಯದೆ ಉಳಿದ ಕೋಶಗಳೊಳಗಿನ ಕೊಬ್ಬು ಜೀರ್ಣವಾಗದೆ ಹೊರಹೋಗುತ್ತದೆ.

ಪ್ರಶ್ನೆ: ಈ ವರ್ಷ ಒಳ್ಳೆಯದೆಂದ ಆಹಾರವನ್ನು ಮುಂದಿನ ವರ್ಷ ಕೆಟ್ಟದ್ದೆನ್ನುತ್ತಾರೆ. ಹೀಗೆ ಮಾತು ಬದಲಿಸುವ ವಿಷಯವನ್ನು ಓದಿ ಪ್ರಯೋಜನವೇನು?

ಉತ್ತರ: ಕ್ರಿಯಾಸರಣಿಗಳ ವಿಚಾರದಲ್ಲಿ ಮಾತು ಅಷ್ಟಾಗಿ ಬದಲಾಗಿಲ್ಲ, ಕ್ರೆಬ್ಸ್ ಚಕ್ರ ಇಂದಿಗೂ ತಿರುಗುತ್ತಲೇ ಇದೆ. ಬದಲಾಗುವುದು ಹೆಚ್ಚಾಗಿ ಆಹಾರಕ್ಕೂ ದೀರ್ಘಕಾಲದ ರೋಗಕ್ಕೂ ಇರುವ ನಂಟಿನ ಬಗೆಗಿನ ಹೇಳಿಕೆಗಳು. ಅದಕ್ಕೆ ಮೊದಲ ಕಾರಣ, ಜನ ಏನು ತಿನ್ನುತ್ತಾರೆಂಬುದನ್ನು ಅವರನ್ನೇ ಕೇಳಿ ಬರೆದುಕೊಳ್ಳಬೇಕಾಗಿರುವುದು. ಅವರ ಮಾತನ್ನು ತಾಳೆ ನೋಡುವ ಒಂದು ವಿಧಾನವಿದೆ. ಡ್ಯೂಟೀರಿಯಂ (ಭಾರವಾದ ಜಲಜನಕ) ಮತ್ತು ಆಮ್ಲಜನಕ-18 (ಭಾರವಾದ ಆಮ್ಲಜನಕ) ಸೇರಿಸಿದ ನೀರನ್ನು ಕುಡಿಸಿದರೆ, ಮೊದಲನೆಯದು ದೇಹದಿಂದ ನೀರಾಗಿ ಮಾತ್ರ, ಎರಡನೆಯದು ನೀರಾಗಿಯೂ ಇಂಗಾಲದ ಡೈಆಕ್ಸೈಡಾಗಿಯೂ ಹೊರಹೋಗುತ್ತದೆ. ಎರಡೂ ಕಡಿಮೆಯಾಗುವ ವೇಗದ ವ್ಯತ್ಯಾಸದಿಂದ ಆ ವ್ಯಕ್ತಿ ಖರ್ಚುಮಾಡಿದ ಶಕ್ತಿಯನ್ನು ಲೆಕ್ಕಹಾಕಬಹುದು. ಹೀಗೆ ತಾಳೆ ನೋಡಿದ ಬಹುಪಾಲು ಅಧ್ಯಯನಗಳಲ್ಲಿ ಜನ ತಾವು ತಿಂದದ್ದನ್ನು ಕಡಿಮೆಯಾಗಿ ಹೇಳುವುದು ಕಂಡುಬಂದಿದೆ. ಅವರೆಲ್ಲ ಸುಳ್ಳುಗಾರರೆಂದಲ್ಲ, ತಿಂದದ್ದನ್ನು ನೆನಪಿಡುವುದು ಮನುಷ್ಯರಿಗೆ ಬಾರದ ವಿದ್ಯೆ.

ಎರಡನೆಯ ಕಾರಣ ಇನ್ನೂ ಗಂಭೀರವಾದದ್ದು. ಕ್ಯಾರೆಟ್‌ನಂಥ ತರಕಾರಿಗಳಲ್ಲಿರುವ ಬೀಟಾ ಕ್ಯಾರೊಟೀನ್ ಎಂಬ ಬಣ್ಣದ ಸತ್ವ ರಕ್ತದಲ್ಲಿ ಹೆಚ್ಚಿರುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಅನೇಕ ಸಮೀಕ್ಷೆಗಳು ತೋರಿಸಿದ್ದವು. ಫಿನ್‌ಲ್ಯಾಂಡಿನಲ್ಲಿ ಧೂಮಪಾನಿಗಳಾದ 29,133 ಪುರುಷರ ಮೇಲೆ ನಡೆದ ಪ್ರಯೋಗದಲ್ಲಿ ಅದನ್ನು ಗುಳಿಗೆಯಾಗಿ ಕೊಟ್ಟು ನೋಡಿದರೆ, 1994ರಲ್ಲಿ ಪ್ರಕಟವಾದ ಫಲಿತಾಂಶ ತಿರುವುಮುರುವಾಗಿತ್ತು: ಗುಳಿಗೆ ನುಂಗಿದವರಲ್ಲಿ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚು. ತರಕಾರಿ ಹೆಚ್ಚು ತಿನ್ನುವವರು ಬೇರೆ ಹಲವು ರೀತಿಗಳಲ್ಲಿಯೂ ಉಳಿದವರಿಗಿಂತ ಭಿನ್ನರಾಗಿರುತ್ತಾರೆ ಎಂಬುದನ್ನು ಸಮೀಕ್ಷೆಯೊಂದೇ ಬಿಡಿಸಿ ಹೇಳಲಾರದು. ಇದಕ್ಕೆ ವ್ಯತಿರಿಕ್ತವಾಗಿ, ಅಮೆರಿಕದಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದ್ದದ್ದು 20 ಜನ ಮಾತ್ರ. ಅವರನ್ನು ನಾಲ್ಕು ವಾರ ಆಸ್ಪತ್ರೆಯಲ್ಲಿಯೇ ಇರಿಸಿಕೊಂಡು, ಎರಡು ವಾರ ಅತಿಸಂಸ್ಕರಿತ (ಕಾರ್ಖಾನೆಯಲ್ಲಿ ಬಹಳವಾಗಿ ಮಾರ್ಪಡಿಸಿದ) ಆಹಾರವನ್ನೂ ಎರಡು ವಾರ ಕನಿಷ್ಠ ಸಂಸ್ಕರಿತ ಆಹಾರವನ್ನೂ ಬೇಕಾದಷ್ಟು ತಿನ್ನಲು ಬಿಟ್ಟರು. ಮುಂದಿಟ್ಟ ಆಹಾರದಲ್ಲಿ ಕ್ಯಾಲರಿ, ಸಕ್ಕರೆ, ಕೊಬ್ಬು, ನಾರು, ಉಪ್ಪು ಸರಿಸಮವಾಗಿದ್ದರೂ, ಅತಿಸಂಸ್ಕರಿತ ಆಹಾರದ ದಿನಗಳಲ್ಲಿ ಜನ ದಿನಕ್ಕೆ ಸುಮಾರು 500 ಕಿಲೋಕ್ಯಾಲರಿ ಹೆಚ್ಚು ತಿಂದರು. ಇಂಥ ಬಿಗಿಯಾದ ಪ್ರಯೋಗ ಕಾರಣವನ್ನು ತೋರಿಸಬಲ್ಲುದು, ಆದರೆ ಇಪ್ಪತ್ತು ವರ್ಷಗಳ ಪರಿಣಾಮವನ್ನು ಹೇಳಲಾರದು. ನನ್ನ ಅಭಿಪ್ರಾಯದಲ್ಲಿ ಈ ವ್ಯಾಸಂಗದ ನಿಜವಾದ ಪ್ರಯೋಜನ ಇಲ್ಲಿದೆ: ಪ್ರಕಟವಾದ ಫಲಿತಾಂಶ ಯಾವ ಬಗೆಯ ಅಧ್ಯಯನದಿಂದ ಬಂದದ್ದು, ಅದು ಎಷ್ಟು ಭಾರ ಹೊರಬಲ್ಲುದು ಎಂದು ನೀವೇ ತೂಗಿ ನೋಡುವಂತಾಗುವುದು. ವಿದ್ಯಾರ್ಥಿಗಳು ಮಲತಾಯಿ ಧೋರಣೆಯಿಂದ ಕಾಣುವ ಸಂಖ್ಯಾಶಾಸ್ತ್ರದ ಪತ್ರಿಕೆ ಇರುವುದು ಇದಕ್ಕಾಗಿಯೇ.

ಪ್ರಶ್ನೆ: ಈ ಪದವಿ ಪಡೆದ ಕೂಡಲೇ ಆಸ್ಪತ್ರೆಯಲ್ಲಿ ರೋಗಿಗಳಿಗೆ ಪಥ್ಯ ಸೂಚಿಸುವ ಕೆಲಸ ಮಾಡಬಹುದೇ?

ಉತ್ತರ: ಸಾಮಾನ್ಯವಾಗಿ ಇಲ್ಲ. ಪಥ್ಯತಜ್ಞರಾಗಲು ಅನೇಕ ದೇಶಗಳಲ್ಲಿ ಮಾನ್ಯತೆ ಪಡೆದ ಪ್ರತ್ಯೇಕ ಕೋರ್ಸು, ಆಸ್ಪತ್ರೆಯಲ್ಲಿ ಮೇಲ್ವಿಚಾರಣೆಯ ತರಬೇತಿ ಮತ್ತು ನೋಂದಣಿ ಬೇಕಾಗುತ್ತವೆ. ಪೋಷಣೆ ಮತ್ತು ಚಯಾಪಚಯದ ಪದವಿ ಸಂಶೋಧನೆ, ಆಹಾರೋದ್ಯಮ, ಸಾರ್ವಜನಿಕ ಆರೋಗ್ಯ, ಉನ್ನತ ವ್ಯಾಸಂಗ ಇವುಗಳತ್ತ ನೇರವಾಗಿ ಒಯ್ಯುತ್ತದೆ. ರೋಗಿಗಳೊಡನೆಯೇ ಕೆಲಸ ಮಾಡುವ ಆಸೆಯಿದ್ದರೆ, ನೀವು ಆರಿಸಿಕೊಂಡ ಕೋರ್ಸಿಗೆ ಆ ಮಾನ್ಯತೆ ಇದೆಯೇ ಎಂಬುದನ್ನು ನೋಂದಣಿ ಮಾಡುವ ಸಂಸ್ಥೆಯಿಂದಲೇ ಕೇಳಿ ತಿಳಿದು, ಆಮೇಲೆ ಅರ್ಜಿ ಹಾಕಿ.