ನ್ಯಾಸ್ಕಾರ್‌ನಲ್ಲಿ ಎದುರಾಳಿಯ ಕಾರಿಗೆ ಗುದ್ದಿದರೂ ಕೆಲವೊಮ್ಮೆ ಮಾತ್ರ ದಂಡನೆ ಏಕೆ, ಅಭಿಮಾನಿಗಳು ಅದಕ್ಕೆ ಏಕೆ ಜಗಳವಾಡುತ್ತಾರೆ?

ಗುದ್ದುವುದೇ ಅಪರಾಧವಲ್ಲ, ಎಲ್ಲಿ ಮತ್ತು ಯಾವ ಉದ್ದೇಶದಿಂದ ಗುದ್ದಿದರು ಎಂಬುದು ಮುಖ್ಯ. ಉದ್ದೇಶವನ್ನು ಅಳೆಯುವುದು ಕಷ್ಟವಾದ್ದರಿಂದಲೇ ಜಗಳ. ಅಮೆರಿಕದ ಈ ಸ್ಟಾಕ್ ಕಾರ್ (ಸಾಮಾನ್ಯ ಕಾರಿನಂತೆ ಕಾಣುವ ರೇಸ್ ಕಾರು) ಪಂದ್ಯಗಳಲ್ಲಿ ಬಂಪರ್ ತಾಗಿಸಿ ಮುಂದಿನವನನ್ನು ಪಕ್ಕಕ್ಕೆ ಸರಿಸುವುದನ್ನು ಅನೇಕ ಅಭಿಮಾನಿಗಳು ಆಟದ ಭಾಗವೆಂದೇ ಒಪ್ಪುತ್ತಾರೆ. ಆದರೆ ಹಿಂಬದಿಯ ಬಲ ಮೂಲೆಗೆ ತಗುಲಿಸಿದರೆ ಕಾರು ಗರ್ರನೆ ಬಲಕ್ಕೆ ತಿರುಗಿ, ವೇಗ ತಗ್ಗುವ ಮೊದಲೇ ಹೊರಗೋಡೆಗೆ ಅಪ್ಪಳಿಸುತ್ತದೆ. 2023ರಲ್ಲಿ ಷಾರ್ಲಟ್‌ನಲ್ಲಿ ಡೆನ್ನಿ ಹ್ಯಾಮ್ಲಿನ್‌ಗೆ ಹೀಗೆ ಮಾಡಿದ ಚೇಸ್ ಎಲಿಯಟ್‌ನನ್ನು, ಬಹಳ ಜನಪ್ರಿಯ ಚಾಲಕನಾಗಿದ್ದರೂ, ಒಂದು ಪಂದ್ಯಕ್ಕೆ ಅಮಾನತು ಮಾಡಲಾಯಿತು.

ಗೊಂದಲ ಹೆಚ್ಚಿದ್ದು 2024ರ ಆಗಸ್ಟ್‌ನ ರಿಚ್ಮಂಡ್ ಪಂದ್ಯದಲ್ಲಿ. ಕೊನೆಯ ಸುತ್ತಿನಲ್ಲಿ ಆಸ್ಟಿನ್ ಡಿಲನ್ ಮೊದಲು ಜೋಯಿ ಲೊಗಾನೊನನ್ನು, ಮರುಕ್ಷಣವೇ ಹ್ಯಾಮ್ಲಿನ್‌ನನ್ನು ಗುದ್ದಿ ಗೆದ್ದ. ಆಗಿನ ನಿಯಮದಲ್ಲಿ ಒಂದೇ ಗೆಲುವು ಪ್ಲೇಆಫ್‌ನ, ಅಂದರೆ ವರ್ಷದ ಚಾಂಪಿಯನ್‌ನನ್ನು ನಿರ್ಧರಿಸುವ ಕೊನೆಯ ಹಂತದ ಪಂದ್ಯಗಳ, ಬಾಗಿಲು ತೆರೆಯುತ್ತಿದ್ದುದರಿಂದ ಅಂಥ ಗುದ್ದು ಲಾಭದ ವ್ಯವಹಾರವೇ ಆಗಿತ್ತು. ನ್ಯಾಸ್ಕಾರ್ ಸಂಸ್ಥೆ ಗೆಲುವನ್ನು ಉಳಿಸಿ ಪ್ಲೇಆಫ್ ಪ್ರವೇಶವನ್ನು ಕಸಿದುಕೊಂಡಿತು. ನಿಯಮವೇ ಆಸೆ ಹುಟ್ಟಿಸಿರುವಾಗ ಚಾಲಕನಿಗೆ ಶಿಕ್ಷೆಯೇಕೆ ಎಂದು ಕೆಲವರು ಕೇಳಿದರೆ, ಟ್ರೋಫಿಯನ್ನೂ ಕಿತ್ತುಕೊಳ್ಳಬೇಕಿತ್ತು ಎಂಬುದು ಇತರರ ವಾದ. ಲೊಗಾನೊಗೆ ಬಿದ್ದ ಗುದ್ದಿನ ಬಗ್ಗೆ ವಾದಕ್ಕೆ ಆಸ್ಪದವಿದೆ. ಹ್ಯಾಮ್ಲಿನ್‌ಗೆ ಹಿಂಬದಿಯ ಬಲ ಮೂಲೆಗೇ ಬಿದ್ದದ್ದರ ಬಗ್ಗೆ ಇಲ್ಲವೆಂದೇ ನನ್ನ ಅಭಿಪ್ರಾಯ.