ನೋವು ತಡೆದುಕೊಂಡು ಅಭ್ಯಾಸವಾದ ಮಗುವಿಗೆ ಕ್ಯಾನ್ಸರ್ ಎಂದು ಹೇಳುವುದು

"ಅವಳಿಗೆ ಮಾತ್ರ ಗೊತ್ತಾಗಬಾರದು ಮೇಡಂ." ಆಡುವ, ಓಡುವ ಮಕ್ಕಳಿಗೆ ಕ್ಯಾನ್ಸರ್ ಎಂದು ಗೊತ್ತಾದಾಗ ಮನೆಯವರು ಮೊದಲು ಕೇಳಿಕೊಳ್ಳುವುದು ಇದನ್ನೇ. ಮತ್ತೆ ಮತ್ತೆ ಕೇಳುತ್ತಿರುವುದರಿಂದ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಹುಡುಗಿಗೆ ಹದಿನೈದು. ಕ್ರೀಡಾ ಹಾಸ್ಟೆಲ್‌ನಲ್ಲಿದ್ದುಕೊಂಡು 400 ಮೀಟರ್ ಓಡುತ್ತಿದ್ದಳು. ಎಡ ಮೊಣಕಾಲಿನ ಮೇಲ್ಭಾಗದ ನೋವನ್ನು ಮೂರು ತಿಂಗಳು ಉಳುಕು ಅಂದರು, ಸೆಳೆತ ಅಂದರು, ಅಭ್ಯಾಸ ತಪ್ಪಿಸುವ ನೆಪ ಅಂತಲೂ ಅಂದರು. ಎಣ್ಣೆ ಹಚ್ಚಿ ತಿಕ್ಕಿಸಿದರು. ಊತ ಎದ್ದು ಕಂಡ ಮೇಲೆ ಎಕ್ಸ್-ರೇ, ಎಂಆರ್‌ಐ, ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ). ಬಂದ ಉತ್ತರ ಆಸ್ಟಿಯೋಸಾರ್ಕೋಮಾ, ಎಲುಬಿನ ಕ್ಯಾನ್ಸರ್. ಎದೆಯ ಸಿಟಿ ಸ್ಕ್ಯಾನ್‌ನಲ್ಲಿ ಶ್ವಾಸಕೋಶಕ್ಕೆ ಹರಡಿದ ಗುರುತು ಇರಲಿಲ್ಲ. ಎಲುಬು ಬೇಗ ಬೆಳೆಯುವ ವಯಸ್ಸಿನಲ್ಲಿ, ಮೊಣಕಾಲಿನ ಸುತ್ತಲೇ ಹೆಚ್ಚಾಗಿ ಬರುವ ಕಾಯಿಲೆ ಇದು. ಓಡಿದ್ದಕ್ಕೋ ಬಿದ್ದಿದ್ದಕ್ಕೋ ಬರುವಂಥದ್ದಲ್ಲ.

"ಗಡ್ಡೆ ಇದೆ, ಇಂಜೆಕ್ಷನ್‌ಗೆ ಕರಗುತ್ತೆ ಅಂತ ಹೇಳಿದೀವಿ. ಕ್ಯಾನ್ಸರ್ ಅಂದ್ರೆ ಕುಸಿದುಬಿಡ್ತಾಳೆ" ಎಂದರು ತಂದೆ.

ಕೀಮೋ, ಅಂದರೆ ಕ್ಯಾನ್ಸರ್ ಕೊಲ್ಲುವ ಔಷಧಗಳ ಚಿಕಿತ್ಸೆ, ಶುರುವಾಗುವ ಮೊದಲೇ, ಆ ಪದವನ್ನೇ ಬಳಸಿ ಹೇಳಿ ಎಂದೆ. ಇದು ಕಠಿಣ ಸಲಹೆ ಎಂದು ಆಕ್ಷೇಪಿಸುವವರಿದ್ದಾರೆ. ಆದರೆ ಈ ಮಕ್ಕಳ ವಿಷಯದಲ್ಲಿ ಮುಚ್ಚಿಡುವುದೇ ಅಪಾಯ. "ತಡ್ಕೋ, ಇನ್ನೊಂದು ಸುತ್ತು" ಎಂದು ವರ್ಷಗಟ್ಟಲೆ ಕೇಳಿ ಬೆಳೆದವರು ನೋವು ಬಾಯಿಬಿಟ್ಟು ಹೇಳುವುದಿಲ್ಲ. ಕೀಮೋದಲ್ಲಿ ಹೇಳಲೇಬೇಕು. ಡಾಕ್ಸೋರುಬಿಸಿನ್ ಎಂಬ ಕೀಮೋ ಔಷಧ ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಚರ್ಮ, ಮಾಂಸ ಹಾಳಾಗುತ್ತದೆ. ಡ್ರಿಪ್ ಹಾಕಿದ ಕೈ ಉರಿದ ಕ್ಷಣವೇ ನರ್ಸ್‌ಗೆ ಹೇಳಬೇಕು. ಸಿಸ್‌ಪ್ಲಾಟಿನ್ ಎಂಬ ಇನ್ನೊಂದು ಔಷಧದಿಂದ ಕಿವಿ ಗುಂಯ್‌ಗುಟ್ಟಿದರೂ ಹೇಳಬೇಕು, ಶ್ರವಣಶಕ್ತಿಯ ಪ್ರಶ್ನೆ ಅದು. ಕೀಮೋ ಆದ ಒಂದೆರಡು ವಾರದಲ್ಲಿ ಸೋಂಕು ತಡೆಯುವ ಬಿಳಿ ರಕ್ತಕಣ ತೀರಾ ಕಡಿಮೆಯಾಗಿರುತ್ತದೆ. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿ ಎಷ್ಟು ಹೊತ್ತಾಗಿದ್ದರೂ ಆಸ್ಪತ್ರೆಗೆ ಹೊರಡಬೇಕು. ಮನೆಯಲ್ಲೇ ಪ್ಯಾರಾಸಿಟಮಾಲ್ ನುಂಗಿಸಿದರೆ ಜ್ವರ ಮರೆಯಾಗುತ್ತದೆ, ಸೋಂಕು ಒಳಗೇ ಏರುತ್ತದೆ. ಕರಗುವ ಗಡ್ಡೆ ಎಂದು ನಂಬಿದ ಹುಡುಗಿ ಚಳಿ ಬಂದರೆ ಹೊದ್ದು ಮಲಗುತ್ತಾಳೆ.

ಹೇಗೆ ಹೇಳುವುದು ಎಂದು ಕೂತು ಸಿದ್ಧಮಾಡಿಕೊಂಡೆವು. ಬೆಳಗಿನ ಹೊತ್ತು, ಕಾರಿಡಾರ್‌ನಲ್ಲಲ್ಲ, ಬಾಗಿಲಿರುವ ಕೋಣೆಯಲ್ಲಿ. ಅಪ್ಪ ಅಮ್ಮ ಇಬ್ಬರೂ ಇರಬೇಕು, ಚಿಕ್ಕಪ್ಪ ಸೋದರಮಾವಂದಿರು ಆಚೆಗಿರಲಿ. ಮೂರೇ ವಾಕ್ಯ: ನಿನ್ನ ಎಲುಬಲ್ಲಿ ಕ್ಯಾನ್ಸರ್ ಇದೆ. ಅದಕ್ಕೆ ಚಿಕಿತ್ಸೆ ಇದೆ. ನೀನು ಮಾಡಿದ ಯಾವುದರಿಂದಲೂ ಇದು ಬಂದಿದ್ದಲ್ಲ. ಅಷ್ಟು ಹೇಳಿ ಸುಮ್ಮನಾಗಬೇಕು. ಮಗು ಮಾತಾಡುವ ಮುಂಚೆಯೇ ಧೈರ್ಯ ತುಂಬಲು ಹೋಗುವುದೇ ಇಲ್ಲಿ ಎಲ್ಲರೂ ಎಡವುವ ಜಾಗ.

ತಂದೆ ಹೇಳಿದರು. ಎರಡನೇ ವಾಕ್ಯಕ್ಕೆ ಗಂಟಲು ಕಟ್ಟಿತು, ಆದರೂ ಮುಗಿಸಿದರು. ಹುಡುಗಿ ಮೊಣಕಾಲಿನ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಳು. "ಸಾಯ್ತೀನಾ ಅಂತ ಕೇಳಿದ್ರೆ ಏನು ಹೇಳಲಿ" ಎನ್ನುವುದೇ ತಂದೆಯ ಭಯವಾಗಿತ್ತು. ಅವಳು ಕೇಳಿದ್ದು ಬೇರೆ.

"ಹಂಗಾದ್ರೆ ನಾನು ನೆಪ ಹೇಳ್ತಿರ್ಲಿಲ್ಲ ಅಲ್ವಾ ಅಪ್ಪ?"

ಹಾಸ್ಟೆಲ್‌ನಿಂದ ಅಳುತ್ತ ಫೋನ್ ಮಾಡಿದಾಗ "ಸೆಲೆಕ್ಷನ್ ಹತ್ರ ಬಂದಾಗ ನೆಪ ತೆಗೀಬೇಡ" ಎಂದು ಗದರಿದ್ದು ಈ ತಂದೆಯೇ. ಉತ್ತರ ನಾನು ಕೊಡಬಹುದಿತ್ತು. ಕೊಡಲಿಲ್ಲ, ಅದು ಅವರಿಂದಲೇ ಬರಬೇಕಿತ್ತು.

"ಇಲ್ಲ ಕಣವ್ವ. ನಿಂಗೆ ನಿಜವಾಗ್ಲೂ ನೋವಿತ್ತು. ನಾವೇ ನಂಬ್ಲಿಲ್ಲ."

"ಈ ರಿಪೋರ್ಟ್ ಕೋಚ್ ಸರ್‌ಗೂ ಕಳ್ಸಿ" ಎಂದಳು. ಆಮೇಲೆ ಅತ್ತಳು, ಕಾಲು ತೆಗೀತಾರಾ ಎಂದು ಕೇಳಿದಳು. ಅದನ್ನು ಸರ್ಜನ್ ಬಂದು ಬಿಡಿಸಿ ಹೇಳಿದರು: ಮೊದಲು ಎರಡೂವರೆ ಮೂರು ತಿಂಗಳು ಕೀಮೋ, ನಂತರ ಗಡ್ಡೆಯಿರುವ ಎಲುಬು ತೆಗೆದು ಲೋಹದ ಕೀಲು ಜೋಡಿಸುವ ಪ್ರಯತ್ನ, ಮತ್ತೆ ಕೀಮೋ. ನರ, ರಕ್ತನಾಳಗಳಿಗೆ ಗಡ್ಡೆ ಸುತ್ತಿಕೊಂಡಿರದಿದ್ದರೆ ಕಾಲು ಉಳಿಸುವುದು ಸಾಧ್ಯ.

ನೋವನ್ನು ನಂಬುತ್ತಾರೆ ಎಂದು ಗೊತ್ತಾದ ಮೇಲೆ ಹುಡುಗಿ ಹೇಳತೊಡಗಿದಳು. ಥರ್ಮಾಮೀಟರ್ ಅವಳ ಕೈಗೇ ಕೊಡಿಸಿದೆ. ತರಬೇತಿಯ ಡೈರಿ ಬರೆದು ಅಭ್ಯಾಸವಿದ್ದವಳು. ಅದೇ ಪುಸ್ತಕದಲ್ಲಿ ಜ್ವರ, ವಾಂತಿ, ಕುಡಿದ ನೀರು ಬರೆದಿಡತೊಡಗಿದಳು.

ನಂಟರು ಮಾತ್ರ ಬಂದಾಗಲೆಲ್ಲ "ಯುವರಾಜ್ ಸಿಂಗ್ ವಾಪಸ್ ಬಂದು ಆಡ್ಲಿಲ್ವಾ" ಎನ್ನುತ್ತಿದ್ದರು. ಆಡಿದರು, ನಿಜ. 2012ರಲ್ಲಿ ಕೀಮೋ ಮುಗಿಸಿ ಅದೇ ವರ್ಷ ಭಾರತ ತಂಡಕ್ಕೆ ಮರಳಿದರು. ಆದರೆ ಅವರದು ಎರಡು ಶ್ವಾಸಕೋಶಗಳ ನಡುವಿನ ಜರ್ಮ್ ಸೆಲ್ (ವೀರ್ಯಾಣು, ಅಂಡಾಣುಗಳಾಗುವ ಮೂಲಕೋಶಗಳ) ಗಡ್ಡೆ, ಕಾಲಿನ ಎಲುಬಿನದಲ್ಲ. ಲೋಹದ ಕೀಲು ಹಾಕಿದ ಕಾಲಿನಲ್ಲಿ ಓಟ, ಜಿಗಿತ ಬೇಡ ಎನ್ನುತ್ತಾರೆ ವೈದ್ಯರು, ಕೀಲು ಸಡಿಲವಾಗುತ್ತದೆ. ಮತ್ತೆ ಟ್ರ್ಯಾಕ್‌ಗೆ ಇಳೀತೀಯ ಎಂದು ಮಾತು ಕೊಡಬೇಡಿ ಎಂದು ತಂದೆತಾಯಿಗೆ ಖಂಡಿತವಾಗಿ ಹೇಳಿದೆ. ಸುಳ್ಳು ಭರವಸೆ ಒಡೆದ ದಿನ ಉಳಿದ ಮಾತುಗಳ ಮೇಲಿನ ನಂಬಿಕೆಯೂ ಹೋಗುತ್ತದೆ.

ಕೋಚ್‌ಗಳಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ ಒಂದು ಮಾತು. ಬಹುತೇಕ ಮೊಣಕಾಲು ನೋವು ಕ್ಯಾನ್ಸರ್ ಅಲ್ಲ, ಗಾಬರಿ ಬೇಡ. ಆದರೆ ಒಂದೇ ಕಾಲಿನ ನೋವು ವಿಶ್ರಾಂತಿ ಕೊಟ್ಟರೂ ಮೂರ್ನಾಲ್ಕು ವಾರದಲ್ಲಿ ಇಳಿಯದಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಿದ್ದರೆ, ಊತ ಬೆಳೆಯುತ್ತಿದ್ದರೆ ಎಕ್ಸ್-ರೇ ತೆಗೆಸಿ. ಅದು ಆಗುವವರೆಗೆ ಆ ಜಾಗವನ್ನು ಯಾರಿಂದಲೂ ತಿಕ್ಕಿಸಬೇಡಿ.