ಮುಂಬೈ ಸೆಕೆಯಲ್ಲಿ ಮೊದಲ ಸಲ ಸ್ಕೋನ್ ಮಾಡುವವರಿಗೆ

ಚಿಕ್ಕ ಓಟಿಜಿ (ಮೇಜಿನ ಮೇಲಿಡುವ ಕರೆಂಟ್ ಓವನ್), ಮೊಟ್ಟೆ ಹಾಕುವ ಹಾಗಿಲ್ಲ, ಅದೂ ಮೇ ತಿಂಗಳ ಮುಂಬೈ, ಹೀಗಿರುವಾಗ ಮೊದಲ ಸಲ ಸ್ಕೋನ್ (ಇಂಗ್ಲೆಂಡಿನವರು ಚಹಾದ ಜೊತೆ ತಿನ್ನುವ, ಚಿಕ್ಕ ಬನ್ನಿನಂಥ ತಿಂಡಿ) ಮಾಡಲು ಹೊರಟರೆ ಬರುತ್ತದಾ ಅಂತ ಕೇಳಿದ್ದೀರಿ. ಖಂಡಿತ ಬರುತ್ತದೆ. ನಾನಿರುವುದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ, ನಮ್ಮ ಅಡುಗೆಮನೆಗೆ ಮಧ್ಯಾಹ್ನದ ಬಿಸಿಲು ನೇರ ಬೀಳುತ್ತದೆ, ಅಲ್ಲೇ ಮಾಡುತ್ತೇನೆ. ಮೊಟ್ಟೆಯ ಚಿಂತೆ ಬಿಡಿ. ಸ್ಕೋನ್ ಉಬ್ಬುವುದು ಬೇಕಿಂಗ್ ಪೌಡರ್‌ನಿಂದ ಮತ್ತು ಬೆಣ್ಣೆಯಿಂದ, ಬರೀ ಹಾಲು ಹಾಕಿದರೆ ಸಾಕು.

ನಮ್ಮ ಊರಿನಲ್ಲಿ ನಿಜವಾದ ಕಷ್ಟ ಅಂದರೆ ಬೆಣ್ಣೆ. ಹಿಟ್ಟಿನೊಳಗೆ ಬೆಣ್ಣೆ ಸಣ್ಣ ಸಣ್ಣ ಚೂರಾಗಿ, ಗಟ್ಟಿಯಾಗಿಯೇ ಇರಬೇಕು. ಓಟಿಜಿಯ ಬಿಸಿಗೆ ಆ ಚೂರುಗಳು ಕರಗಿ, ಅದರಲ್ಲಿರುವ ನೀರು ಆವಿಯಾಗಿ ಮೇಲೇಳುತ್ತದಲ್ಲ, ಆಗಲೇ ಒಳಗೆ ಪದರ ಬಿಡುವುದು. ಇಲ್ಲಿಯ ಸೆಕೆಗೆ ಬೆಣ್ಣೆ ಕೈಯಲ್ಲೇ ಕರಗಿ ಹಿಟ್ಟಿಗೆ ಹೀರಿಕೊಂಡುಬಿಟ್ಟರೆ ಸ್ಕೋನ್ ಚಪ್ಪಟೆಯಾಗಿ ಕೂರುತ್ತದೆ. ಅದಕ್ಕೆ ಬೆಣ್ಣೆಯನ್ನು ಹಿಂದಿನ ರಾತ್ರಿಯೇ ಫ್ರೀಜರ್‌ನಲ್ಲಿಡಿ. ಮಾಡುವಾಗ ತೆಗೆದು, ಕ್ಯಾರೆಟ್ ತುರಿಯುವ ತುರಿಮಣೆಯಲ್ಲಿ ನೇರ ಹಿಟ್ಟಿನ ಮೇಲೆ ತುರಿಯಿರಿ. ಹಿಟ್ಟನ್ನೂ ಪಾತ್ರೆ ಸಮೇತ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟಿದ್ದರೆ ಇನ್ನೂ ಒಳ್ಳೆಯದು. ತುಪ್ಪ ಹಾಕಬಹುದಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ, ಬೇಡ. ತುಪ್ಪದಲ್ಲಿ ನೀರಿನಂಶ ಇರುವುದಿಲ್ಲ, ಕೊನೆಗೆ ಸಿಗುವುದು ನಾನ್‌ಖಟಾಯಿ.

ಅಳತೆ ಹೇಳುತ್ತೇನೆ. ಮೈದಾ 250 ಗ್ರಾಂ, ಬೇಕಿಂಗ್ ಪೌಡರ್ 3 ಟೀ ಚಮಚ (ಮಟ್ಟವಾಗಿ, ಗುಪ್ಪೆಯಾಗಿ ಅಲ್ಲ), ಬೆಣ್ಣೆ 60 ಗ್ರಾಂ, ಸಕ್ಕರೆ ಪುಡಿ 2 ದೊಡ್ಡ ಚಮಚ, ತಣ್ಣನೆಯ ಹಾಲು ಸುಮಾರು 130ರಿಂದ 150 ಮಿಲಿ. ಅಮುಲ್ ಹಳದಿ ಬೆಣ್ಣೆಯಾದರೆ ಅದರಲ್ಲೇ ಉಪ್ಪಿರುತ್ತದೆ, ಮತ್ತೆ ಹಾಕಬೇಡಿ. ಇಂಗ್ಲೆಂಡಿನವರ ರೆಸಿಪಿಯಲ್ಲಿ ಸೆಲ್ಫ್ ರೈಸಿಂಗ್ ಫ್ಲೋರ್ ಅಂತ ಬರೆದಿದ್ದರೆ ಗಾಬರಿ ಬೇಡ, ಬೇಕಿಂಗ್ ಪೌಡರ್ ಮೊದಲೇ ಬೆರೆಸಿದ ಮೈದಾ ಅಷ್ಟೇ. ಬೇಕಿಂಗ್ ಪೌಡರ್ ಡಬ್ಬ ತೆರೆದು ತುಂಬ ದಿನ ಆಗಿದ್ದರೆ, ಅದರಲ್ಲೂ ಒಂದು ಮಳೆಗಾಲ ಕಂಡಿದ್ದರೆ, ಅರ್ಧ ಚಮಚ ಪೌಡರನ್ನು ಬಿಸಿನೀರಿಗೆ ಹಾಕಿ ನೋಡಿ. ಭುಸ್ ಅಂತ ನೊರೆ ಬರಬೇಕು. ಬರಲಿಲ್ಲವಾ, ಹೊಸದು ತನ್ನಿ.

ಈಗ ಕೈಯ ಕೆಲಸ. ನಿಪ್ಪಟ್ಟಿಗೆ ಹಿಟ್ಟಿಗೆ ಬೆಣ್ಣೆ ಹಾಕಿ ತಿಕ್ಕುತ್ತೀರಲ್ವಾ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವ ತನಕ, ಹಾಗೆಯೇ. ಆದರೆ ಇಲ್ಲಿ ಅಂಗೈ ತಾಗಿಸಬೇಡಿ, ಬೆರಳ ತುದಿಯಲ್ಲಿ ಮಾತ್ರ, ಅದೂ ಬೇಗ ಬೇಗ. ಹಿಟ್ಟು ತರಿತರಿಯಾಗಿ, ಅಲ್ಲಲ್ಲಿ ಬೆಣ್ಣೆಯ ಹಳದಿ ಚೂರು ಕಾಣುತ್ತಿರುವಾಗಲೇ ನಿಲ್ಲಿಸಿ. ಹಾಲು ಒಂದೇ ಸಲ ಸುರಿದು, ಚಮಚದಲ್ಲಿ ನಾಲ್ಕು ಸುತ್ತು ಕಲಸಿ. ಅಂಟಂಟಾಗಿ, ಒರಟೊರಟಾಗಿ ಇರುತ್ತದೆ, ನೋಡಿದರೆ ನಾದಬೇಕು ಅಂತ ಕೈ ತುರಿಸುತ್ತದೆ. ದಯವಿಟ್ಟು ನಾದಬೇಡಿ. ಚಪಾತಿ ಹಿಟ್ಟು ನಾದಿ ನಾದಿ ಅಭ್ಯಾಸವಾದ ನಮಗೆ ಇದೇ ಎಲ್ಲಕ್ಕಿಂತ ಕಷ್ಟದ ಭಾಗ. ನಾದಿದಷ್ಟೂ ಮೈದಾದ ಗ್ಲುಟೆನ್ (ಹಿಟ್ಟಿಗೆ ಎಳೆತ ಕೊಡುವ ಅಂಟು) ಬಿಗಿಯಾಗುತ್ತದೆ, ಸ್ಕೋನ್ ರಬ್ಬರ್ ಆಗುತ್ತದೆ. ಸುಮ್ನೆ ಒಟ್ಟು ಮಾಡಿ, ಕೈಯಿಂದಲೇ ತಟ್ಟಿ, ಒಂದು ಇಂಚು ದಪ್ಪ ಇರಲಿ. ಲಟ್ಟಣಿಗೆ ಮುಟ್ಟುವುದೇ ಬೇಡ.

ಕಟರ್ ಇಲ್ಲದಿದ್ದರೆ ಅಂಚು ತೆಳುವಾದ ಸ್ಟೀಲ್ ಲೋಟ ಸಾಕು. ಒಣ ಮೈದಾದಲ್ಲಿ ಅದ್ದಿ, ನೇರ ಕೆಳಗೆ ಒತ್ತಿ, ನೇರ ಮೇಲೆತ್ತಿ. ತಿರುಗಿಸಿದರೆ ಅಂಚು ಮುಚ್ಚಿಕೊಂಡು ಒಂದು ಕಡೆಗೆ ವಾಲಿಕೊಂಡು ಉಬ್ಬುತ್ತದೆ. ಟ್ರೇಯಲ್ಲಿ ಒಂದಕ್ಕೊಂದು ತಾಗುವಷ್ಟು ಹತ್ತಿರ ಇಡಿ, ಪಕ್ಕಕ್ಕೆ ಹರಡದೆ ಮೇಲಕ್ಕೆ ಏಳುತ್ತವೆ. ಮೇಲ್ಭಾಗಕ್ಕಷ್ಟೇ ಹಾಲು ಸವರಿ.

ಓಟಿಜಿ 220 ಡಿಗ್ರಿ, ಎರಡೂ ರಾಡ್ ಆನ್, 15 ನಿಮಿಷ ಮೊದಲೇ ಕಾಯಲಿ. ಬೇಯಲು 12ರಿಂದ 15 ನಿಮಿಷ. ಚಿಕ್ಕ ಓಟಿಜಿಯಲ್ಲಿ ಮೇಲಿನ ರಾಡ್ ತುಂಬ ಹತ್ತಿರ ಇರುತ್ತದೆ, ಹಾಗಾಗಿ ಟ್ರೇ ಕೆಳಗಿನ ಹಂತದಲ್ಲಿಡಿ, ಮೇಲೆ ಬೇಗ ಕೆಂಪಾದರೆ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿ. ಒಂದನ್ನು ತಿರುವಿ ನೋಡಿ, ತಳ ಹೊಂಬಣ್ಣ ಬಂದಿದ್ದರೆ ಆಯಿತು.

ತಿನ್ನುವಾಗ ಚಾಕು ಬೇಡ, ಕೈಯಲ್ಲೇ ಅಡ್ಡಕ್ಕೆ ಬಿಡಿಸಿ, ನಡುವಿನಲ್ಲಿ ತಾನಾಗಿ ಬಿರುಕು ಬಿಟ್ಟಿರುತ್ತದೆ. ಇಂಗ್ಲೆಂಡಿನಲ್ಲಿ ಜೊತೆಗೆ ಕ್ಲಾಟೆಡ್ ಕ್ರೀಮ್ (ನಿಧಾನ ಕಾಯಿಸಿ ತೆಗೆದ ದಪ್ಪ ಕೆನೆ) ಮತ್ತು ಜಾಮ್. ಅಲ್ಲಿನ ಡೆವನ್ ಪ್ರಾಂತ್ಯದವರು ಮೊದಲು ಕ್ರೀಮ್ ಹಚ್ಚುತ್ತಾರೆ, ಕಾರ್ನ್‌ವಾಲ್‌ನವರು ಮೊದಲು ಜಾಮ್. ಆ ಕ್ರೀಮ್ ಹುಡುಕಿಕೊಂಡು ದುಡ್ಡು ಸುರಿಯಬೇಡಿ. ಎಮ್ಮೆ ಹಾಲನ್ನು ಸಣ್ಣ ಉರಿಯಲ್ಲಿ ಕಾಯಿಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೆ ಮೇಲೆ ದಪ್ಪ ಕೆನೆ ಕಟ್ಟುತ್ತದಲ್ಲ, ಅದನ್ನು ಎತ್ತಿ ಹಚ್ಚಿ, ಮೇಲೆ ಮಹಾಬಲೇಶ್ವರದ ಸ್ಟ್ರಾಬೆರಿ ಜಾಮ್. ನನಗೆ ಇದೇ ಇಷ್ಟ. ಸಿಹಿ ಬೇಡದವರಿಗೆ ಸಕ್ಕರೆ ಬಿಟ್ಟು, ತುರಿದ ಚೀಸ್, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಹಾಕಿ ಮಾಡಿ, ಸಂಜೆ ಚಹಾಕ್ಕೆ ತುಂಬ ಚೆನ್ನಾಗಿರುತ್ತದೆ.

ಇನ್ನೊಂದು, ಸ್ಕೋನ್ ಮಾಡಿದ ದಿನವೇ ತಿನ್ನಬೇಕು, ಮರುದಿನಕ್ಕೆ ಒಣಗುತ್ತದೆ. ಮನೆಯಲ್ಲಿ ಇಬ್ಬರೇ ಇದ್ದರೆ ಬೇಕಾದಷ್ಟು ಮಾತ್ರ ಬೇಯಿಸಿ. ಉಳಿದದ್ದನ್ನು ಕತ್ತರಿಸಿದ ಹಾಗೇ ಹಸಿಯಾಗಿ ಫ್ರೀಜರ್‌ಗೆ ಹಾಕಿ, ಬೇಕಾದಾಗ ಕರಗಿಸದೆ ನೇರ ಓಟಿಜಿಗೆ ಇಡಿ, ಮೂರ್ನಾಲ್ಕು ನಿಮಿಷ ಜಾಸ್ತಿ ಬೇಕಾಗುತ್ತದೆ.